ಜತ್ತ ಸೀಮೆಯಲ್ಲಿ ಒಂದು ನಿಕಾಲ್ ದಿನ

ಮಹಾರಾಷ್ಟ್ರದಲ್ಲಿ ಮಕ್ಕಳನ್ನು ಓದಿಸಿದವರಿಗೆಲ್ಲ ಮೇ 1ರ ಬೆಳಗು ಗೊತ್ತು. ಮೊದಲು ಮಹಾರಾಷ್ಟ್ರ ದಿನದ ಧ್ವಜವಂದನೆ, ಅದರ ಬೆನ್ನಿಗೇ ಶಾಲೆಯ ಫಲಿತಾಂಶ. ಒಂಬತ್ತನೇ ತರಗತಿಯವರೆಗಿನ ಮಕ್ಕಳಿಗೆ ಶೈಕ್ಷಣಿಕ ವರ್ಷ ಮುಗಿಯುವುದೂ ಅಂದೇ. ನಮ್ಮ ಪುಣೆಯ ಎಷ್ಟೋ ಶಾಲೆಗಳಲ್ಲಿ ಈಗ ಅಂಕಗಳು ತಂದೆ-ತಾಯಿಯ ಮೊಬೈಲಿಗೇ ಬಂದು ಬೀಳುತ್ತವೆ. ಗಡಿ ಭಾಗದ ಹಳ್ಳಿಗಳಲ್ಲಿ ಮಾತ್ರ ಅದು ಇನ್ನೂ ಊರಿಗೆ ಊರೇ ಸೇರುವ ದಿನ. ಅಲ್ಲಿಯ ಕನ್ನಡದಲ್ಲಿ ಅದಕ್ಕೆ ‘ನಿಕಾಲ್’ ಎನ್ನುತ್ತಾರೆ. ವಿಜಯಪುರ, ಬೆಳಗಾವಿ ಕಡೆಯ ಓದುಗರಿಗೆ ಈ ಮಾತು ಹೊಸದಲ್ಲ.

2025ರ ನಿಕಾಲ್ ದಿನವನ್ನು ನಾನು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಕಳೆದೆ. ಅಲ್ಲಿ ಗಣಿತ, ವಿಜ್ಞಾನ ಕಲಿಸುವ ಮಾಸ್ತರರು ನನಗೆ ಹಳೆಯ ಪರಿಚಯ. “ಮಕ್ಕಳಿಗೆ ಬಹುಮಾನ ಕೊಡಾಕ ಹೊರಗಿನವರೊಬ್ರು ಬೇಕಾಗ್ಯಾರ. ಬರ್ರಿ, ನಮ್ಮ ಸಾಲಿನೂ ನೋಡಿದಂಗ ಆಗ್ತದ” ಎಂದು ಫೋನು ಮಾಡಿದ್ದರು. ಊರಿನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಇದರಲ್ಲಿ ಬರುವುದೆಲ್ಲ ಮಕ್ಕಳ ಸುದ್ದಿ, ಅವರ ಮನೆಯ ಸುದ್ದಿ.

ಪುಣೆ, ಮುಂಬಯಿಯವರು ಜತ್ತಕ್ಕೆ ಹೋಗಬೇಕಾದರೆ ಕೊಲ್ಹಾಪುರಕ್ಕೆ ಹೋಗುವ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಪ್ರಯಾಣ ಮಾಡಿ, ಬೆಳಗಿನ ಜಾವ ಮಿರಜದಲ್ಲಿ ಇಳಿಯುವುದು ಒಂದು ದಾರಿ. ನಾನು ಒಂದು ದಿನ ಮೊದಲೇ ಹೊರಟೆ. ಸಿತಾರು, ತಂಬೂರಿಗಳಿಗೆ ಹೆಸರಾದ ಮಿರಜದಲ್ಲಿ ಚಹಾ ಕುಡಿದು ಎಸ್‌ಟಿ ಬಸ್ಸು ಹತ್ತಿದೆ. ಕವಠೆ ಮಹಾಂಕಾಳದವರೆಗೆ ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟ, ನಡುನಡುವೆ ದ್ರಾಕ್ಷಿ ಒಣಗಿಸಿ ಬೇದಾಣೆ ಮಾಡುವ ಉದ್ದುದ್ದ ಶೆಡ್ಡುಗಳು. ಅಲ್ಲಿಂದ ಮುಂದೆ ಹಸಿರು ಕಡಿಮೆಯಾಗುತ್ತ ಬರುತ್ತದೆ. ಜತ್ತ ಬರುವ ಹೊತ್ತಿಗೆ ಕಲ್ಲು ನೆಲ, ಜಾಲಿ, ಬೇವು, ಅಲ್ಲಲ್ಲಿ ದಾಳಿಂಬೆ ತೋಟ. ಮಳೆ ಕಡಿಮೆ ಬೀಳುವ ಸೀಮೆ ಇದು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಹಳ್ಳಿಗಳು ಇಲ್ಲಿ ಬಹಳ.

ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿದರೆ ಭಾಷೆಯೂ ಬದಲಾಗುತ್ತದೆ. ಬಸ್ಸಿನ ಬೋರ್ಡು ಮರಾಠಿ, ಟಿಕೀಟು ಮರಾಠಿ, ಒಳಗಿನ ಮಾತು ಮಾತ್ರ ಅಪ್ಪಟ ಕನ್ನಡ. ಕಂಡಕ್ಟರು ಮುಂದಿನ ಸೀಟಿನವರಿಗೆ “ಕುಠೆ?” ಎಂದು ಕೇಳಿ, ಹಿಂದಿನ ಸೀಟಿನ ಮುದುಕಿಗೆ “ಎಲ್ಲಿಗವ್ವಾ?” ಎಂದು ಕೇಳಿದ. ಗುಡ್ಡಾಪುರದ ದಾನಮ್ಮನ ಗುಡಿಗೆ ಹೊರಟವರು ಅರ್ಧ ಬಸ್ಸು ತುಂಬಿದ್ದರು. ಹನ್ನೆರಡನೇ ಶತಮಾನದ ಶರಣೆ ದಾನಮ್ಮ ಹುಟ್ಟಿದ ಉಮರಾಣಿಯೂ ಇದೇ ತಾಲೂಕಿನ ಊರು.

ಡಫಳೆ ಮನೆತನ ಆಳುತ್ತಿದ್ದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆಚೆಯ ವಿಜಯಪುರ ಮೈಸೂರು ರಾಜ್ಯಕ್ಕೆ ಬಂತು, ಜತ್ತ ಈಚೆ ಉಳಿಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಕರ್ನಾಟಕಕ್ಕೆ ಸೇರಬೇಕೆಂದ 247 ಊರುಗಳಲ್ಲಿ ಜತ್ತ ತಾಲೂಕಿನ ಹಳ್ಳಿಗಳೂ ಇದ್ದವು. ಆ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. ವ್ಯಾಜ್ಯ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಪತ್ರಿಕೆಗಳಲ್ಲಿ ಜತ್ತದ ಹೆಸರು ಬರುವುದು ಹೆಚ್ಚಾಗಿ ಈ ವಿಷಯಕ್ಕೇ. ನಾನು ಹೋದ ಊರಿನಲ್ಲಿ ಎರಡು ದಿನ ಇದ್ದರೂ ಯಾರೂ ಆ ಮಾತೆತ್ತಲಿಲ್ಲ. ಎಲ್ಲರ ಬಾಯಲ್ಲಿ ಇದ್ದದ್ದು ನೀರು, ಕಬ್ಬು, ಮಕ್ಕಳ ನಿಕಾಲ್.

ಬಿಸಿಲಿಗೆ ಹೆದರಿ ಕಾರ್ಯಕ್ರಮವನ್ನು ಬೆಳಿಗ್ಗೆಯೇ ಇಟ್ಟುಕೊಂಡಿದ್ದರು. ಶಾಲೆ ಅಂದರೆ ಐದರಿಂದ ಹತ್ತರವರೆಗಿನ ತರಗತಿಗಳ ಒಂದು ಸಾಲು ಕೋಣೆ, ಮುಂದೆ ಬಯಲು, ಒಂದು ಬೇವಿನ ಮರ. ಕರಿ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಮೇಲೆ ‘ಮಹಾರಾಷ್ಟ್ರ ದಿನ’ ಎಂದು ಮರಾಠಿಯಲ್ಲಿ, ಕೆಳಗೆ ‘ಫಲಿತಾಂಶ ಹಾಗೂ ಗುಣಗೌರವ’ ಎಂದು ಕನ್ನಡದಲ್ಲಿ ಬರೆದಿದ್ದರು. ಧ್ವಜ ಏರಿತು. ರಾಷ್ಟ್ರಗೀತೆಯಾದ ಮೇಲೆ, 2023ರಲ್ಲಿ ಮಹಾರಾಷ್ಟ್ರ ಸರಕಾರ ಒಪ್ಪಿಕೊಂಡ ರಾಜ್ಯಗೀತೆಯನ್ನು ಮಕ್ಕಳು ಏರುದನಿಯಲ್ಲಿ ಹಾಡಿದರು. ಸರಪಂಚರು ಮರಾಠಿಯಲ್ಲಿ ಶುಭಾಶಯ ಹೇಳಿ, ಎರಡನೇ ವಾಕ್ಯಕ್ಕೇ ಕನ್ನಡಕ್ಕೆ ಇಳಿದರು. ಹಿಂದೆ ನಿಂತಿದ್ದ ಹೆಂಗಸರು ಆಗಲೇ ಕಿವಿಗೊಟ್ಟದ್ದು.

ಈ ಮಕ್ಕಳ ಪುಸ್ತಕಗಳನ್ನು ನಗರದ ಕನ್ನಡಿಗರು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಪುಣೆಯಲ್ಲಿ 1967ರಲ್ಲಿ ಶುರುವಾದ ‘ಬಾಲಭಾರತಿ’ ಎಂಬ ಪಠ್ಯಪುಸ್ತಕ ಮಂಡಳಿ ಕನ್ನಡದಲ್ಲೂ ಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಶಿವಾಜಿ ಮಹಾರಾಜರ ಚರಿತ್ರೆ, ಸಹ್ಯಾದ್ರಿಯ ಕೋಟೆಗಳು, ಮಹಾರಾಷ್ಟ್ರದ ಸಂತರು, ಎಲ್ಲವೂ ಕನ್ನಡದಲ್ಲಿ. ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯನ್ನೂ ಕನ್ನಡ ಮಾಧ್ಯಮದಲ್ಲಿ ಬರೆಯಬಹುದು. ಮರಾಠಿ, ಹಿಂದಿ, ಇಂಗ್ಲಿಷ್ ಬೇರೆ ಕಲಿಯಬೇಕು. ನಮ್ಮ ಮಕ್ಕಳು ರವಿವಾರದ ತರಗತಿಗೆ ಹೋಗಿ ಕಲಿಯುವ ಕನ್ನಡದಲ್ಲಿ ಇಲ್ಲಿಯ ಮಕ್ಕಳು ಬೀಜಗಣಿತ ಮಾಡುತ್ತಾರೆ.

ಮುಖ್ಯಾಧ್ಯಾಪಕರು ವರ್ಷದ ವರದಿ ಓದಲು ಎದ್ದರು. ಮೊದಲ ಸುದ್ದಿ ಎನ್‌ಎಂಎಂಎಸ್ ಪರೀಕ್ಷೆಯದು. ಕೇಂದ್ರ ಸರಕಾರದ ಈ ವಿದ್ಯಾರ್ಥಿವೇತನದ ಪರೀಕ್ಷೆಯನ್ನು ಸರಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳು ಬರೆಯುತ್ತಾರೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ ಒಟ್ಟು 48,000. ಈ ಶಾಲೆಯ ಇಬ್ಬರು ಆಯ್ಕೆಯಾಗಿದ್ದರು, ಒಬ್ಬ ಹುಡುಗ, ಒಬ್ಬ ಹುಡುಗಿ. ಹೆಸರು ಕೂಗಿದಾಗ ಹುಡುಗ ಓಡಿ ಬಂದ. ಹುಡುಗಿ ಗೆಳತಿಯ ಕೈ ಹಿಡಿದುಕೊಂಡೇ ಬಂದಳು, ಬಿಡಿಸಿಕೊಂಡು ವೇದಿಕೆ ಹತ್ತಲು ಸ್ವಲ್ಪ ಹೊತ್ತೇ ಬೇಕಾಯಿತು.

ಈ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಹಾರಾಷ್ಟ್ರದಲ್ಲಿ ಕನ್ನಡದಲ್ಲೂ ಸಿಗುತ್ತದೆ. ತಯಾರಿಗೆ ಬೇಕಾದ ಗೈಡುಗಳು ಮರಾಠಿಯಲ್ಲಿ ಸಿಕ್ಕಷ್ಟು ಸುಲಭವಾಗಿ ಕನ್ನಡದಲ್ಲಿ ಸಿಗುವುದಿಲ್ಲ. ದೀಪಾವಳಿಯ ರಜೆಯಿಂದ ಡಿಸೆಂಬರಿನವರೆಗೆ ನಮ್ಮ ಮಾಸ್ತರರು ದಿನವೂ ಸಂಜೆ ಮರಾಠಿಯ ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಂಡು ಹಲಗೆಯ ಮೇಲೆ ಕನ್ನಡಕ್ಕೆ ತಿರುಗಿಸಿ ಬರೆದರು. ಕೇಳಲು ಇದು ಸುಲಭ. ಮರಾಠಿ ಗಣಿತದ ‘ಅಪೂರ್ಣಾಂಕ’ ಕನ್ನಡದಲ್ಲಿ ‘ಭಿನ್ನರಾಶಿ’, ‘ಪರೀಘ’ ನಮ್ಮಲ್ಲಿ ‘ಪರಿಧಿ’, ‘ನಫಾ-ತೋಟಾ’ ನಮಗೆ ‘ಲಾಭ-ನಷ್ಟ’. ಪಠ್ಯಪುಸ್ತಕದಲ್ಲಿ ಇರುವ ಮಾತನ್ನೇ ಹುಡುಕಿ ಹಾಕಬೇಕು, ಇಲ್ಲವಾದರೆ ಪರೀಕ್ಷೆಯ ದಿನ ಮಗು ಶಬ್ದಕ್ಕೇ ಬೆದರುತ್ತದೆ, ಲೆಕ್ಕದ ಹತ್ತಿರ ಹೋಗುವುದೇ ಇಲ್ಲ.

ಮುಂದಿನ ಸುದ್ದಿ ಚಿತ್ರಕಲೆಯದು. ಮಹಾರಾಷ್ಟ್ರದವರಿಗೆ ಎಲಿಮೆಂಟರಿ, ಇಂಟರ್‌ಮೀಡಿಯಟ್ ಎಂಬ ಸರಕಾರಿ ಚಿತ್ರಕಲಾ ಪರೀಕ್ಷೆಗಳ ಪರಿಚಯ ಇದ್ದೇ ಇರುತ್ತದೆ. ಇಂಟರ್‌ಮೀಡಿಯಟ್‌ನಲ್ಲಿ ಎ ಶ್ರೇಣಿ ಬಂದರೆ ಹತ್ತನೇ ತರಗತಿಯಲ್ಲಿ 7 ಹೆಚ್ಚುವರಿ ಅಂಕ, ಬಿ ಬಂದರೆ 5, ಸಿ ಬಂದರೆ 3. ಹಾಗಾಗಿ ಚಿತ್ರ ಬರೆಯುವ ಹುಡುಗನಿಗೆ ಮನೆಯಲ್ಲೂ ಸ್ವಲ್ಪ ಮರ್ಯಾದೆ ಇದೆ. ಎ ಶ್ರೇಣಿ ಪಡೆದ ಒಂಬತ್ತನೆಯ ಹುಡುಗನ ಚಿತ್ರವನ್ನು ಆಫೀಸಿನ ಗೋಡೆಗೆ ಹಾಕಿದ್ದರು. ತಾಮ್ರದ ಕೊಡ, ಎರಡು ಈರುಳ್ಳಿ, ಮಡಿಸಿದ ಕಂಬಳಿ. ಕಂಬಳಿಯ ನೂಲು ಒಂದೊಂದೂ ಕಾಣುತ್ತಿತ್ತು. ಅವರದು ಕುರಿ ಸಾಕುವ ಮನೆ ಎಂದು ಆಮೇಲೆ ತಿಳಿಯಿತು.

ವಿಜ್ಞಾನ ಪ್ರದರ್ಶನಕ್ಕೆ ಏಳನೆಯ ಹುಡುಗನೊಬ್ಬ ನೀರಿನ ಟಾಕಿಗೆ ಒಂದು ತೇಲುಬಾಟಲಿ, ದಾರ, ಹೊರಗೆ ತೂಗುವ ಕಲ್ಲು ಕಟ್ಟಿ, ಒಳಗೆ ನೀರೆಷ್ಟಿದೆ ಎಂಬುದನ್ನು ಏಣಿ ಹತ್ತದೆ ತಿಳಿಯುವ ಉಪಾಯ ಮಾಡಿದ್ದ. ಪ್ರದರ್ಶನದಲ್ಲಿ ಬಹುಮಾನ ಬರಲಿಲ್ಲ. ಈಗ ಅದು ಊರಿನ ಟಾಕಿಗೇ ಕಟ್ಟಿದೆ, ಹೆಂಗಸರು ಕೊಡ ತರುವ ಮೊದಲು ಕಲ್ಲು ಎಲ್ಲಿದೆ ಎಂದು ನೋಡುತ್ತಾರೆ. ಮರಾಠಿ ಭಾಷಣ ಸ್ಪರ್ಧೆಯಲ್ಲಿ ಮರಾಠಿ ಶಾಲೆಗಳ ಮಕ್ಕಳ ನಡುವೆ ಈ ಶಾಲೆಯ ಹುಡುಗಿಗೆ ಎರಡನೇ ಸ್ಥಾನ ಬಂದಿತ್ತು. ಅದನ್ನು ಹೇಳುವಾಗ ಮುಖ್ಯಾಧ್ಯಾಪಕರು ಎರಡು ಸಲ ಹೇಳಿದರು. ಖೋ-ಖೋದಲ್ಲಿ ಹುಡುಗಿಯರ ತಂಡ ತಾಲೂಕು ಮಟ್ಟದ ಕೊನೆಯ ಪಂದ್ಯದವರೆಗೆ ಹೋಗಿ ಸೋತಿತ್ತು. ಸೋತ ತಂಡಕ್ಕೂ ಜೋರು ಚಪ್ಪಾಳೆ ಬಿತ್ತು.

ಆಮೇಲೆ ಓದಿದ ಪಟ್ಟಿಯನ್ನು ನಾನು ಬೇರೆ ಯಾವ ಶಾಲೆಯಲ್ಲೂ ಕೇಳಿಲ್ಲ. ಮುಖ್ಯಾಧ್ಯಾಪಕರು ಅದಕ್ಕೆ ‘ವರ್ಷ ಪೂರ್ತಿ ಮಾಡಿದವರು’ ಎಂದರು.

ಸಕ್ಕರೆ ಕಾರ್ಖಾನೆಗಳ ಹಂಗಾಮು ದೀಪಾವಳಿಯ ಸುಮಾರಿಗೆ ಶುರುವಾಗಿ ಮಾರ್ಚಿನವರೆಗೆ ನಡೆಯುತ್ತದೆ. ಜತ್ತದಂಥ ಒಣ ತಾಲೂಕುಗಳಿಂದ ಕುಟುಂಬಗಳು ಕಬ್ಬು ಕಡಿಯಲು ಕೃಷ್ಣಾ, ವಾರಣಾ ತೀರದ ಕಡೆಗೆ ಹೋಗುತ್ತವೆ. ಗಂಡ-ಹೆಂಡತಿ ಸೇರಿದರೆ ಒಂದು ‘ಕೊಯ್ತಾ’. ಲೆಕ್ಕ ನಡೆಯುವುದೇ ಕೊಯ್ತಾದ ಮೇಲೆ. ಮಳೆಗಾಲದಲ್ಲೇ ಮುಕಾದಮ ಬಂದು ‘ಉಚಲ್’ ಅಂದರೆ ಮುಂಗಡ ಕೊಟ್ಟು ಹೋಗಿರುತ್ತಾನೆ. ಉಚಲ್ ಹಿಡಿದ ಮೇಲೆ ಹೋಗದೆ ಇರುವ ಹಾಗಿಲ್ಲ. ಮಕ್ಕಳು ಜೊತೆಗೆ ಹೋದರೆ ಎರಡನೇ ಸತ್ರ ಪೂರ್ತಿ ಗದ್ದೆಯ ಬದಿಯ ಗುಡಿಸಲಿನಲ್ಲೇ ಕಳೆಯುತ್ತದೆ. ಮಾರ್ಚಿನಲ್ಲಿ ಮರಳಿ ಬಂದ ಮಗು ಪಾಠದಲ್ಲಿ ಹಿಂದೆ ಬಿದ್ದು, ನಾಚಿಕೆಯಿಂದ ಶಾಲೆಯ ಕಡೆ ತಿರುಗುವುದಿಲ್ಲ. ಹೆಣ್ಣುಮಗುವಾದರೆ ಅಷ್ಟಕ್ಕೇ ಶಾಲೆ ಮುಗಿಯಿತು, ಒಂದೆರಡು ವರ್ಷದಲ್ಲಿ ಅವಳೂ ಒಂದು ಕೊಯ್ತಾದ ಅರ್ಧ.

ಇಂಥ ಮಕ್ಕಳಿಗಾಗಿ ಸರಕಾರದ ‘ಹಂಗಾಮಿ ವಸತಿಗೃಹ’ ಯೋಜನೆ ಇದೆ. ಮಗು ಊರಲ್ಲೇ ಉಳಿಯುತ್ತದೆ, ಊಟದ ವ್ಯವಸ್ಥೆಯಾಗುತ್ತದೆ. ಆದರೆ ರಾತ್ರಿ ಪಕ್ಕದಲ್ಲಿ ಮಲಗಲು ಒಬ್ಬರು ಬೇಕಲ್ಲ? ಆ ಒಬ್ಬರು ಹೆಚ್ಚಾಗಿ ಆಯಿ, ಅಂದರೆ ಅಜ್ಜಿ. ಆದ್ದರಿಂದ ಆ ಪಟ್ಟಿಯ ಮಕ್ಕಳ ಹೆಸರು ಓದಿದಾಗ ವೇದಿಕೆಗೆ ಕರೆದದ್ದು ಅವರ ಆಯಿಗಳನ್ನು. ನನ್ನ ಕೈಯಿಂದ ಕೊಡಿಸಿದ ಬಹುಮಾನ ಒಬ್ಬೊಬ್ಬರಿಗೆ ಒಂದು ಖಣ, ಒಂದು ತೆಂಗಿನಕಾಯಿ. ತಲೆಯ ಮೇಲೆ ಸೆರಗು ಎಳೆದುಕೊಂಡು ಒಬ್ಬೊಬ್ಬರೇ ಬಂದರು. ಒಬ್ಬಾಕೆಗೆ ಮೈಕು ಕೊಟ್ಟರು. “ನಂಗೇನ್ ಓದಾಕ ಬರಾಂಗಿಲ್ರಿ. ರಾತ್ರಿ ಲೈಟ್ ಆರಸಬ್ಯಾಡ ಆಯಿ ಅಂದ್ಲು, ನಾ ಆರಸಲಿಲ್ಲ. ಅಷ್ಟ ಮಾಡೇನಿ” ಎಂದು ಹೇಳಿ ಮೈಕನ್ನು ಮರಳಿ ಕೊಟ್ಟುಬಿಟ್ಟಳು.

ಪ್ರಗತಿ ಪುಸ್ತಕ ಹಂಚುವ ಕೆಲಸ ತರಗತಿಯ ಒಳಗೆ ನಡೆಯಿತು. ಪಾಸಾದವರ ಮನೆಯವರು ಪೇಢೆ ಹಂಚಿದರು. ಒಂಬತ್ತನೆಯ ತರಗತಿಗೆ ಮೊದಲು ಬಂದ ಹುಡುಗಿ ಮಾತ್ರ ಪುಸ್ತಕವನ್ನು ಎದೆಗೆ ಹಿಡಿದುಕೊಂಡು ಆಫೀಸಿನ ಕಟ್ಟೆಯ ಮೇಲೆ ಕೂತಿದ್ದಳು. ಅಪ್ಪ-ಅವ್ವ ಏಪ್ರಿಲ್ ಮೊದಲ ವಾರದಲ್ಲಿ ಕಬ್ಬಿನಿಂದ ಬಂದಿದ್ದರು. ಅವಳ ಆಯಿ ಫೆಬ್ರುವರಿಯಲ್ಲಿ ತೀರಿಕೊಂಡಿದ್ದಳು. ಆಮೇಲಿನ ಒಂದೂವರೆ ತಿಂಗಳು ಮಗು ಆ ಮನೆ ಈ ಮನೆ ಎಂದು ದೂಡಿತ್ತು. ಮುಂದಿನದು ಹತ್ತನೇ ತರಗತಿ, ದೀಪಾವಳಿಯಿಂದ ಮಾರ್ಚಿನವರೆಗೆ ಅವಳು ಎಲ್ಲಿ ಇರಬೇಕು?

“ಈ ವರ್ಷ ಕೊಯ್ತಾ ಹಿಡಿಯಾಂಗಿಲ್ಲ ಅಂತ ಹ್ಯಾಂಗ ಹೇಳ್ಲಿ ಸರ್? ಮಳಿ ಆದ್ರ ನೋಡೂಣು” ಎಂದರು ಅಪ್ಪ. ಮಾಸ್ತರರು ವಾದ ಮಾಡಲಿಲ್ಲ. ಹುಡುಗಿಯ ಅಂಕಗಳನ್ನು ಒಂದೊಂದಾಗಿ ಓದಿ ಹೇಳಿದರು. ಗಣಿತ ಬಂದಾಗ ಅವ್ವ, “ಇನ್ನೊಮ್ಮೆ ಹೇಳ್ರಿ” ಎಂದಳು. ಲೈಟು ಆರಿಸದ ಆಯಿ ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. “ನಮ್ಮ ಹುಡುಗಿ ಜೋಡಿ ಇರ್ಲಿ ಬಿಡೋ. ಎರಡು ರೊಟ್ಟಿ ಹೆಚ್ಚಿಗಿ ಬಡೀತೀನಿ” ಎಂದಳು. ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಪೇಢೆ ತರಲು ಅಂಗಡಿಗೆ ಹೋದರು.

ಒಬ್ಬ ಹುಡುಗಿ ಶಾಲೆ ಬಿಟ್ಟರೆ ನಷ್ಟ ಅವಳೊಬ್ಬಳದೇ ಅಲ್ಲ. ಮಹಾರಾಷ್ಟ್ರದಲ್ಲಿ ಶಾಲೆಗೆ ಎಷ್ಟು ಶಿಕ್ಷಕರ ಹುದ್ದೆ ಎಂಬುದು ‘ಸಂಚ ಮಾನ್ಯತಾ’ ಎಂಬ ವಾರ್ಷಿಕ ಮಂಜೂರಾತಿಯಲ್ಲಿ ತೀರ್ಮಾನವಾಗುತ್ತದೆ. ಅದಕ್ಕೆ ಆಧಾರ ಮಕ್ಕಳ ಸಂಖ್ಯೆ. ಮಕ್ಕಳು ಕಡಿಮೆಯಾದರೆ ಹುದ್ದೆ ಹೋಗುತ್ತದೆ, ಗಣಿತ-ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುವ ಮಾಸ್ತರರು ಹೋದರೆ ಉಳಿದ ಮಕ್ಕಳೂ ಬೇರೆ ಶಾಲೆ ನೋಡಿಕೊಳ್ಳುತ್ತಾರೆ. ಇನ್ನೊಂದು ಕಡೆ, ಕೈಯಲ್ಲಿ ನಾಲ್ಕು ಕಾಸು ಇರುವವರ ಮಕ್ಕಳನ್ನು ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ದಿನವೂ ಬಂದು ಕರೆದುಕೊಂಡು ಹೋಗುತ್ತದೆ. ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿಯುವುದು ಹೆಚ್ಚಾಗಿ ಕಬ್ಬಿಗೆ ಹೋಗುವವರ, ಕುರಿ ಸಾಕುವವರ ಮಕ್ಕಳು. ಈ ಶಾಲೆ ನಿಂತಿರುವುದು ಅವರ ಮೇಲೆ, ಅವರನ್ನು ಇಟ್ಟುಕೊಂಡ ಆಯಿಗಳ ಮೇಲೆ.

ಹತ್ತು ಮುಗಿದ ಮೇಲಿನ ದಾರಿಯೂ ಸುಲಭವಲ್ಲ. ಜತ್ತದಲ್ಲಿ ಹನ್ನೊಂದಕ್ಕೆ ಸೇರಿದರೆ ಕಲಾ ವಿಭಾಗ ಮರಾಠಿಯಲ್ಲಿ, ವಿಜ್ಞಾನ ಇಂಗ್ಲಿಷಿನಲ್ಲಿ. ಆ ಪ್ರವೇಶವೂ 2025-26ರಿಂದ ರಾಜ್ಯವಿಡೀ ಆನ್‌ಲೈನ್ ಆಗಿದೆ. ಕನ್ನಡದಲ್ಲೇ ಮುಂದುವರಿಯಬೇಕಾದರೆ ವಿಜಯಪುರಕ್ಕೆ ಹೋಗಿ ಪಿಯುಸಿ ಸೇರಬೇಕು, ಹಾಸ್ಟೆಲು ಹುಡುಕಬೇಕು. ಹಳ್ಳಿಯ ಹುಡುಗಿಯರಿಗೆ ಐದರಿಂದ ಹನ್ನೆರಡರವರೆಗೆ ಎಸ್‌ಟಿ ಬಸ್ಸಿನ ಪಾಸು ಉಚಿತ, ಆದರೆ ಅದು ಮಹಾರಾಷ್ಟ್ರದ ಶಾಲೆ-ಕಾಲೇಜಿಗೆ. ಪೋಷಕರ ಲೆಕ್ಕದಲ್ಲಿ ಆ ಪಾಸು ದೊಡ್ಡ ವಿಷಯ.

ಇಲ್ಲಿಯ ಪಾಲಕರಿಗೆ ಅಷ್ಟಾಗಿ ತಿಳಿಯದ ಒಂದು ಸಂಗತಿ ಇದೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅರ್ಹತೆಯ ಒಂದು ಪ್ರತ್ಯೇಕ ಕಲಮು ಇದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮಕ್ಕಳು ಅದರಡಿ ಅರ್ಜಿ ಹಾಕಬಹುದು. ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ಬಹುಮಾನ ಕೊಡುವುದರ ಜೊತೆಗೆ ನಾನು ಮಾತಾಡಿದ್ದೆಂದರೆ ಈ ಒಂದು ವಿಷಯ. ಕಾರ್ಯಕ್ರಮ ಮುಗಿದ ಮೇಲೆ ಮೂವರು ಬಂದು ಕಾಗದದ ಮೇಲೆ ಬರೆಸಿಕೊಂಡರು.

ಮಧ್ಯಾಹ್ನ ಮಾಸ್ತರರ ಮನೆಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಶಾಲೆಗೆ ಏನು ಬೇಕು ಎಂದು ಕೇಳಿದೆ. ಕಂಪ್ಯೂಟರೋ ಬೆಂಚೋ ಎಂದಾರು ಎಂದುಕೊಂಡಿದ್ದೆ. “ರೊಕ್ಕ ಬ್ಯಾಡ್ರಿ. ನಿಮ್ಮಲ್ಲಿ ಮರಾಠಿ, ಕನ್ನಡ ಎರಡೂ ಬರೋರು ಭಾಳ ಮಂದಿ ಇದ್ದೀರಿ. ಹಳೇ ಪ್ರಶ್ನೆಪತ್ರಿಕಿ ಕನ್ನಡಕ್ಕ ಮಾಡಿ ಕಳಸ್ರಿ. ನನ್ನ ಸಂಜಿ ಉಳೀತಾವ, ಆ ಹೊತ್ತಿನ್ಯಾಗ ಹಿಂದ ಬಿದ್ದ ಹುಡುಗರ್ನ ಕುಂಡ್ರಿಸಿಕೋತೀನಿ” ಎಂದರು.

ಈ ಪತ್ರಿಕೆ ಓದುವ ಪುಣೆ, ಮುಂಬಯಿ, ಸೊಲ್ಲಾಪುರದವರಿಗೆ ಇದಕ್ಕಿಂತ ಹೊಂದುವ ಕೆಲಸ ಇನ್ನೊಂದಿಲ್ಲ. ಕಚೇರಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡುತ್ತ ನಾವು ನಿತ್ಯ ಮಾಡುವುದೇ ಭಾಷಾಂತರ. ಬಾಲಭಾರತಿಯ ಕನ್ನಡ ಗಣಿತ, ವಿಜ್ಞಾನ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿರುವ ಶಬ್ದಗಳನ್ನೇ ಬಳಸಿ ಮಾಡಬೇಕು, ಅಷ್ಟೇ. ಒಂದು ರವಿವಾರಕ್ಕೆ ಒಬ್ಬರು ಒಂದು ಪ್ರಶ್ನೆಪತ್ರಿಕೆ ಮುಗಿಸಬಹುದು. ನಾವು ನಾಲ್ಕು ಜನ ಮೇ ತಿಂಗಳಲ್ಲೇ ಶುರು ಮಾಡಿದೆವು. ಒಬ್ಬರು ಬ್ಯಾಂಕಿನವರು, ಒಬ್ಬರು ನಿವೃತ್ತ ನರ್ಸು, ಒಬ್ಬ ಇಂಜಿನಿಯರಿಂಗ್ ಓದುವ ಹುಡುಗಿ, ಮತ್ತೆ ನಾನು. ‘ಪರೀಘ’ದ ಮುಂದೆ ‘ಪರಿಧಿ’ ಬರೆಯುವಾಗ ಬ್ಯಾಂಕಿನವರು, “ಈ ಶಬ್ದ ಮರ್ತೇ ಹೋಗಿತ್ತಲ್ರಿ” ಎಂದು ನಕ್ಕರು.

ಹತ್ತನೇ ತರಗತಿಯ ಬೋರ್ಡ್ ಫಲಿತಾಂಶ ಮೇ 13ರಂದು ಬಂತು. ರಾಜ್ಯದ ಒಟ್ಟು ಫಲಿತಾಂಶ ಶೇ. 94.10. ಮರುದಿನ ಬೆಳಿಗ್ಗೆ ಮಾಸ್ತರರ ಫೋನು. ಕಳೆದ ವರ್ಷ ‘ವರ್ಷ ಪೂರ್ತಿ ಮಾಡಿದವರ’ ಪಟ್ಟಿಯಲ್ಲಿದ್ದ ಒಬ್ಬ ಹುಡುಗಿ ಪಾಸಾಗಿದ್ದಳು, ಜತ್ತದಲ್ಲೇ ಹನ್ನೊಂದಕ್ಕೆ ಸೇರುತ್ತಾಳಂತೆ. ಅವಳ ಮನೆತನದಲ್ಲಿ ಹತ್ತು ದಾಟಿದ ಮೊದಲ ಹೆಣ್ಣುಮಗಳು.

ಜೂನ್ 16ಕ್ಕೆ ಶಾಲೆ ಮತ್ತೆ ಶುರುವಾಯಿತು. ಕಟ್ಟೆಯ ಮೇಲೆ ಕೂತಿದ್ದ ಹುಡುಗಿಯ ಹೆಸರು ಹತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿದೆ. ಅವಳ ಅಪ್ಪ ಉಚಲ್ ತೆಗೆದುಕೊಂಡಿದ್ದಾರೆ, ದೀಪಾವಳಿಗೆ ಕಬ್ಬಿಗೆ ಹೊರಡುತ್ತಾರೆ. ಮಗಳ ಗಂಟುಮೂಟೆ ಆ ಆಯಿಯ ಮನೆಗೆ ಹೋಗಬೇಕು ಎಂದು ಮಾತಾಗಿದೆ. ಡಿಸೆಂಬರಿನ ಎನ್‌ಎಂಎಂಎಸ್‌ಗೆ ಈ ಸಲ ಎಂಟನೇ ತರಗತಿಯ ಎಲ್ಲ ಮಕ್ಕಳೂ ಕೂರುತ್ತಾರಂತೆ. ನಮ್ಮ ಕಡೆಯಿಂದ ಇಲ್ಲಿಯವರೆಗೆ ಆರು ಪ್ರಶ್ನೆಪತ್ರಿಕೆ ಹೋಗಿವೆ. ಇನ್ನಷ್ಟು ಕೈಗಳು ಸೇರಿದರೆ ದೀಪಾವಳಿಯೊಳಗೆ ಇಪ್ಪತ್ತಾದರೂ ಆದೀತು.